ಮೂಲ

ನಾಗರ ಪಂಚಮಿ ಬಂತೆಂದರೆ ಧಾರವಾಡದ ನಮ್ಮ ಓಣಿಯಲ್ಲಿ ಉಂಡಿಯ ಡಬ್ಬಿಗಳು ಮನೆಯಿಂದ ಮನೆಗೆ ನಡೆದಾಡಲು ಶುರುಮಾಡುತ್ತವೆ. ಶೇಂಗಾದ ಉಂಡಿ, ಎಳ್ಳಿನ ಉಂಡಿ, ಬೇಸನ್ ಉಂಡಿ, ತಂಬಿಟ್ಟು. ಎದುರು ಮನೆಗೆ ಹೊಸದಾಗಿ ಬಂದ ಅಕ್ಕ ಈ ಸಲ ಸ್ಟೀಲಿನ ಡಬ್ಬಿ ಹಿಡಿದು ನಮ್ಮ ಬಾಗಿಲಿಗೂ ಬಂದರು. ಒಳಗೆ ಕರೆದು ಕೂಡ್ರಿಸಿದೆ. ಗೋಡೆಯ ಮೇಲಿನ ಶಿಲುಬೆಯನ್ನೂ ಅದರ ಕೆಳಗಿನ ಮರಿಯಮ್ಮನ ಪಟವನ್ನೂ ಒಂದು ಸಲ ನೋಡಿದ ಅವರು, "ಟೀಚರ್, ನಿಮ್ಮೂರು ಯಾವುದ್ರೀ?" ಎಂದರು.

"ಕತಗಾಲ. ಕುಮಟಾ ತಾಲ್ಲೂಕು" ಎಂದೆ.

"ಅದಲ್ರೀ. ಮೂಲ ಯಾವೂರು ಅಂತ ಕೇಳಿದೆ. ಗೋವಾ ಏನು?"

ಅವರ ಮಾತಿನಲ್ಲಿ ಕೊಂಕು ಇರಲಿಲ್ಲ. ಹೆಂಗಸರು ಹೊಸ ಪರಿಚಯದಲ್ಲಿ ಕೇಳುವ ಹತ್ತು ಪ್ರಶ್ನೆಗಳಲ್ಲಿ ಅದೂ ಒಂದು. ಆದರೂ ಈ ಪ್ರಶ್ನೆ ನನ್ನನ್ನು ಹೈಸ್ಕೂಲಿನ ದಿನಗಳಿಂದ ಬೆನ್ನು ಹತ್ತಿದೆ. ಕತಗಾಲ ಎಂದರೆ ಸಾಲುವುದಿಲ್ಲ. ನನ್ನ ಅಜ್ಜ, ಅವನ ಅಪ್ಪ ಎಲ್ಲರೂ ಅಲ್ಲಿಯೇ ಮಣ್ಣಾದವರು ಎಂದರೂ ಸಾಲುವುದಿಲ್ಲ. ಅದರ ಹಿಂದೆ ಇನ್ನೊಂದು ಊರಿರಬೇಕು, ಅದು ದೂರದ್ದಿರಬೇಕು. ಉಂಡಿಯ ಡಬ್ಬಿಯನ್ನು ಇಳಿಸಿಕೊಂಡೆ. ಡಬ್ಬಿ ಖಾಲಿ ಮರಳಿಸಬಾರದೆಂಬುದು ಇಲ್ಲಿಯ ರೀತಿ. ಅದು ನಮ್ಮ ಕಡೆಯ ರೀತಿಯೂ ಹೌದು. ಅವರು ಹೋದ ಮೇಲೆ ಆ ಡಬ್ಬಿಯ ಮುಂದೆ ಬಹಳ ಹೊತ್ತು ಕೂತಿದ್ದೆ.

ಕತಗಾಲ ನೋಡದವರಿಗೆ ಎರಡು ಮಾತು. ಕುಮಟೆಯಿಂದ ಶಿರಸಿಗೆ ಹೋಗುವ ಬಸ್ಸಿನಲ್ಲಿ ಕೂತರೆ ದೇವಿಮನೆ ಘಟ್ಟ ಹತ್ತುವ ಮೊದಲೇ ಸಿಗುತ್ತದೆ. ಒಂದು ಕಡೆ ಕಾಡು, ಇನ್ನೊಂದು ಕಡೆ ತೋಟ, ನಡುವೆ ಚಂಡಿಕಾ ಹೊಳೆ. ಮಳೆಗಾಲದಲ್ಲಿ ಒಂದೆರಡು ಸಲವಾದರೂ ಈ ಹೊಳೆ ರಸ್ತೆಯ ಮೇಲೆ ಬಂದು ಕುಮಟಾ ಶಿರಸಿ ಸಂಚಾರವನ್ನು ನಿಲ್ಲಿಸದೆ ಬಿಡುವುದಿಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಇದು ಹತ್ತಿಯ ದಾರಿ. ಧಾರವಾಡ, ಹುಬ್ಬಳ್ಳಿ ಕಡೆಯ ಹತ್ತಿ ಗಾಡಿಗಳ ಮೇಲೆ ಘಟ್ಟ ಇಳಿದು ಕುಮಟೆಯ ಬಂದರಿಗೆ ಬರುತ್ತಿತ್ತು. ಬೆಳೆದದ್ದು ಬಯಲುಸೀಮೆಯಲ್ಲಾದರೂ ಮುಂಬಯಿಯ ಪೇಟೆಯಲ್ಲಿ ಅದಕ್ಕೆ 'ಕುಮಟಾ ಹತ್ತಿ' ಎಂದೇ ಹೆಸರು. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಅಲ್ಲಿಯ ಹತ್ತಿ ಇಂಗ್ಲೆಂಡಿಗೆ ಹೋಗುವುದು ನಿಂತಾಗ ಈ ದಾರಿಗೆ ಸುಗ್ಗಿ. ಆ ಶತಮಾನದ ಕೊನೆಗೆ ರೈಲು ಬಂದು ಹತ್ತಿ ಬೇರೆ ದಾರಿ ಹಿಡಿಯಿತು. ಆಗ ಉಳಿದದ್ದು ಕಾಡು, ನಾಟಾ, ಅರಣ್ಯ ಇಲಾಖೆ. ನಮ್ಮ ಮುತ್ತಜ್ಜ ಬಂದದ್ದು ನಾಟಾ ಅಳೆಯುವ ಕೆಲಸಕ್ಕೆ. ಹತ್ತಿಯ ಊರಿನ ಹೆಸರು ಹತ್ತಿಗೆ ಹತ್ತಲಿಲ್ಲ, ಬಂದರಿನ ಹೆಸರು ಹತ್ತಿತು. ಮನುಷ್ಯರ ಮೂಲದ ಲೆಕ್ಕ ಮಾತ್ರ ಯಾಕೋ ಹಾಗಲ್ಲ.

ಹಾಗಾದರೆ ಗೋವಾದಿಂದ ಬಂದವರಲ್ಲವೇ ಎಂದರೆ, ಬಂದವರೇ. ಕೆನರಾದ ಕೊಂಕಣಿ ಕ್ರೈಸ್ತರ ಬಹುಪಾಲು ಮನೆತನಗಳು ಅಲ್ಲಿಂದ ಇಳಿದು ಬಂದವು. ಯಾಕೆ ಬಂದರು ಎನ್ನುವುದನ್ನು ಮಾತ್ರ ಯಾರೂ ಕೇಳುವುದಿಲ್ಲ.

1510ರಲ್ಲಿ ಪೋರ್ಚುಗೀಸರು ಗೋವಾ ಹಿಡಿದರು. ಅಲ್ಲಿಯ ಜನಕ್ಕೆ ಉಣ್ಣಲು ಬೇಕಾದ ಅಕ್ಕಿಯ ದೊಡ್ಡ ಪಾಲು ನಮ್ಮ ಕರಾವಳಿಯದು. ಹೊನ್ನಾವರ, ಬಸರೂರು, ಮಂಗಳೂರುಗಳಿಂದ ಹಡಗಿನಲ್ಲಿ ಹೋಗುತ್ತಿತ್ತು. 1560ರಲ್ಲಿ ಅಲ್ಲಿ ಇನ್‌ಕ್ವಿಸಿಶನ್ ಎಂಬ ಧರ್ಮವಿಚಾರಣೆಯ ನ್ಯಾಯಾಲಯ ಬಂತು. ಕ್ರೈಸ್ತರಾದವರು ಹಳೆಯ ನಡವಳಿಕೆಗೆ ಮರಳುತ್ತಾರೆಯೇ ಎಂದು ನೋಡುವುದು ಅದರ ಕೆಲಸ. 1684ರಲ್ಲಿ ವೈಸರಾಯ್ ಒಂದು ಆಜ್ಞೆ ಹೊರಡಿಸಿ, ಮೂರು ವರ್ಷದೊಳಗೆ ಜನ ಕೊಂಕಣಿ ಬಿಟ್ಟು ಪೋರ್ಚುಗೀಸ್ ಮಾತಾಡಬೇಕೆಂದ. 1736ರ ಇನ್ನೊಂದು ಆಜ್ಞೆಯಂತೂ ಹೆಂಗಸರ ಅಡಿಗೆಮನೆ, ಅಂಗಳಗಳ ತನಕ ಬಂತು. ಅಂಗಳದಲ್ಲಿ ತುಳಸಿ ಇರಬಾರದು, ಕುಪ್ಪಸ ಹಿಂದಿನ ರೀತಿಯದಾಗಬಾರದು, ಮದುವೆಯಲ್ಲಿ ಹಳೆಯ ಹಾಡು ಹೇಳಬಾರದು, ಅನ್ನಕ್ಕೆ ನೀರಿಡುವಾಗಲೇ ಉಪ್ಪು ಹಾಕಬೇಕು. ಉಪ್ಪಿಲ್ಲದೆ ಅನ್ನ ಬೇಯಿಸುವುದು ಹಿಂದೂಗಳ ಪದ್ಧತಿಯಂತೆ! ಓದಿದಾಗ ನಗು ಬಂತು. ಮರುಗಳಿಗೆ, ಅನ್ನದ ಪಾತ್ರೆಯ ಮುಂದೆ ಹೆದರಿ ನಿಂತ ಒಬ್ಬ ಹೆಂಗಸು ಕಣ್ಣಿಗೆ ಕಟ್ಟಿ ನಗು ಆರಿತು. ದೇವರು ಪ್ರೀತಿಯೆಂದು ಬೋಧಿಸಿದವರೇ ಅನ್ನದ ಉಪ್ಪನ್ನು ಲೆಕ್ಕ ಹಾಕಿದರು. ಇದನ್ನು ನಮ್ಮವರು ಮುಚ್ಚಿಡಬಾರದು.

ಇದರ ಜೊತೆಗೆ ತೆರಿಗೆ, ಬರ, ರೋಗ. ಸಾಲದ್ದಕ್ಕೆ 1683ರಲ್ಲಿ ಸಂಭಾಜಿಯ ಸೈನ್ಯ ಸಾಷ್ಟಿ, ಬಾರ್ದೇಶಗಳಿಗೆ ನುಗ್ಗಿತು. ಜನ ಕೈಗೆ ಸಿಕ್ಕಿದ್ದು ಕಟ್ಟಿಕೊಂಡು ದಕ್ಷಿಣಕ್ಕೆ ನಡೆದರು. ಅಕ್ಕಿ ಉತ್ತರಕ್ಕೆ ಹೋಗುತ್ತಿದ್ದ ದಾರಿಯಲ್ಲೇ ಜನ ಎದುರು ದಿಕ್ಕಿಗೆ ಬಂದರು. ಗದ್ದೆ ಗೊತ್ತಿದ್ದ ಆ ಜನ ಅಕ್ಕಿಯ ಸೀಮೆಯನ್ನು ಹುಡುಕಿಕೊಂಡು ಬಂದದ್ದರಲ್ಲಿ ಆಶ್ಚರ್ಯವೇನು?

ಆಗ ಇಲ್ಲಿ ಆಳುತ್ತಿದ್ದವಳು ಕೆಳದಿಯ ಚೆನ್ನಮ್ಮ. 1672ರಿಂದ 1697ರವರೆಗೆ ಆಕೆಯ ಕಾಲ. ಆಕೆಯ ಆಳ್ವಿಕೆಯಲ್ಲೇ, 1678ರಲ್ಲಿ, ಕೆಳದಿಗೂ ಪೋರ್ಚುಗೀಸರಿಗೂ ಆದ ಒಪ್ಪಂದದಲ್ಲಿ ಮಿರ್ಜಾನ, ಚಂದಾವರ, ಹೊನ್ನಾವರ, ಭಟ್ಕಳ, ಕಲ್ಯಾಣಪುರಗಳಲ್ಲಿ ಇಗರ್ಜಿ ಕಟ್ಟಲು ಅನುಮತಿ ಸಿಕ್ಕಿತು. ಇದರಲ್ಲಿ ವ್ಯಾಪಾರದ ಲೆಕ್ಕಾಚಾರ ಇತ್ತು, ಇಲ್ಲವೆನ್ನುವುದಿಲ್ಲ. ಕೆಳದಿಗೆ ಉಳುವ ಕೈಗಳೂ ಬೇಕಾಗಿದ್ದವು. ಆದರೂ ಒಂದು ಸಂಗತಿ ನನಗೆ ಬಹಳ ಪ್ರಿಯವಾದದ್ದು. ಸಂಭಾಜಿಯ ದಾಳಿಗೆ ಹೆದರಿ ಬಂದ ಕ್ರೈಸ್ತರು ಚೆನ್ನಮ್ಮನ ಸೀಮೆಯಲ್ಲಿ ನೆಲೆ ಕಂಡರು. 1689ರಲ್ಲಿ ಔರಂಗಜೇಬನಿಗೆ ಹೆದರಿ ಓಡಿ ಬಂದ ಸಂಭಾಜಿಯ ತಮ್ಮ ರಾಜಾರಾಮನೂ ಅವಳ ಬಳಿಯೇ ಆಶ್ರಯ ಪಡೆದ. ಶಾಲೆಯ ಪುಸ್ತಕದಲ್ಲಿ ಎರಡನೆಯದು ಇದೆ. ಮೊದಲನೆಯದನ್ನು ನಾನು ಟೀಚರ್ ಆದಮೇಲೆ ನನ್ನ ತರಗತಿಯಲ್ಲಿ ಬಾಯಿಮಾತಿನಲ್ಲಿ ಸೇರಿಸುತ್ತಿದ್ದೆ.

ಬಂದವರು ತಂದದ್ದೇನು? ಮದುವೆಯ ಹಿಂದಿನ ದಿನ ಮದುಮಗಳಿಗೆ ತೆಂಗಿನ ಹಾಲು ಹಚ್ಚಿ ಮೀಯಿಸುವ ರೋಸ್, ಕೈತುಂಬ ಬಳೆ, ಮದುವೆಗೆ ಕೆಂಪು ಸಾಡೊ ಸೀರೆ, ಹಾಡು, ಕೊಂಕಣಿ. ಅಂದರೆ ಗೋವಾದಲ್ಲಿ ಬಿಡಿ ಎಂದದ್ದನ್ನೆಲ್ಲ ಇಲ್ಲಿ ಇಟ್ಟುಕೊಂಡರು. ಅಂಗಳದಲ್ಲಿ ತುಳಸಿಕಟ್ಟೆಯ ಹಾಗೆಯೇ ಒಂದು ಕಟ್ಟೆ ಕಟ್ಟಿ ಮೇಲೆ ಶಿಲುಬೆ ನಿಲ್ಲಿಸಿದರು. ಸಂಜೆ ಅದರ ಮುಂದೆ ದೀಪ. ಕತಗಾಲದ ನಮ್ಮ ಮನೆಯ ಕಟ್ಟೆಯನ್ನೂ ಗೌಡ್ತಿಯ ಮನೆಯ ತುಳಸಿಕಟ್ಟೆಯನ್ನೂ ಒಬ್ಬನೇ ಗಾರೆಯವನು ಕಟ್ಟಿದ್ದನೆಂದು ಅಜ್ಜಿ ಹೇಳುತ್ತಿದ್ದಳು. ಎರಡರ ಬಳೆಸಾಲೂ ಒಂದೇ ಅಚ್ಚಿನದು.

ಇಷ್ಟು ದೂರ ಓಡಿ ಬಂದವರು ಇಲ್ಲಾದರೂ ಒಂದಾಗಿದ್ದರೇ? ಇಲ್ಲ. 1681ರಲ್ಲಿ ಗೋವಾದಿಂದ ಜೋಸೆಫ್ ವಾಜ್ ಎಂಬ ಮೂವತ್ತು ವರ್ಷದ ಪಾದ್ರಿಯನ್ನು ಕೆನರಾಕ್ಕೆ ಕಳಿಸಿದರು. ಆಗ ಇಲ್ಲಿಯ ಕ್ರೈಸ್ತರು ಎರಡು ಪಾಲು. ಗೋವಾದ ಪೋರ್ಚುಗೀಸ್ ಆಡಳಿತದ ಮಾತು ಕೇಳುವವರು ಒಂದು ಕಡೆ, ರೋಮಿನಿಂದ ನೇರ ನೇಮಕಗೊಂಡ ಬಿಷಪ್ ತೋಮಸ್ ದಿ ಕಾಸ್ತ್ರೋನ ಕಡೆಯವರು ಇನ್ನೊಂದು ಕಡೆ. ಒಬ್ಬರು ಕೊಟ್ಟ ಸಂಸ್ಕಾರ ಇನ್ನೊಬ್ಬರಿಗೆ ನಡೆಯದು. ವಾಜ್ ಊರೂರು ನಡೆದ, ಎರಡೂ ಕಡೆಯವರನ್ನು ಕೂಡಿಸಲು ನೋಡಿದ, ಮೂರು ವರ್ಷದ ಮೇಲೆ ಗೋವಾಕ್ಕೆ ಮರಳಿದ. 1687ರಲ್ಲಿ ಸಿಂಹಳಕ್ಕೆ ಹೋಗಿ, ಡಚ್ಚರ ಕಣ್ಣುತಪ್ಪಿಸಲು ಭಿಕ್ಷುಕನ ವೇಷದಲ್ಲಿ ತಿರುಗಿ, 1711ರಲ್ಲಿ ಕ್ಯಾಂಡಿಯಲ್ಲಿ ತೀರಿಕೊಂಡ. 2015ರ ಜನವರಿಯಲ್ಲಿ ಪೋಪ್ ಫ್ರಾನ್ಸಿಸರು ಕೊಲಂಬೊದಲ್ಲಿ ಅವನನ್ನು ಸಂತನೆಂದು ಸಾರಿದಾಗ ನಮ್ಮ ಕಡೆ ಎಲ್ಲರೂ 'ನಮ್ಮ ಕೆನರಾದ ಸಂತ' ಎಂದರು. ಅವನು ಇಲ್ಲಿಗೆ ಬಂದದ್ದು ನಮ್ಮ ಜಗಳ ಬಿಡಿಸಲು ಎನ್ನುವುದನ್ನು ಮಾತ್ರ ಆ ದಿನದ ಪ್ರವಚನಗಳಲ್ಲಿ ನಾನು ಕೇಳಲಿಲ್ಲ.

ಇನ್ನು 1784. ಇದನ್ನು ಬರೆಯುವಾಗ ಕೈ ತಡೆಯುತ್ತದೆ. ಯಾಕೆಂದರೆ ಈಗ ಟಿಪ್ಪುವಿನ ಹೆಸರೆತ್ತಿದರೆ ಕೇಳುವವರು ಮೊದಲು ನೀವು ಯಾರ ಕಡೆ ಎಂದು ಕೇಳುತ್ತಾರೆ. ನಡೆದದ್ದು ಇಷ್ಟು. ಮಂಗಳೂರಿನ ಯುದ್ಧದಲ್ಲಿ ಕ್ರೈಸ್ತರು ಇಂಗ್ಲಿಷರಿಗೆ ನೆರವಾದರೆಂದು ಟಿಪ್ಪು ನಂಬಿದ. ಆ ವರ್ಷದ ವಿಭೂತಿ ಬುಧವಾರ, ಕೆನರಾದ ಕ್ರೈಸ್ತರನ್ನು ಹಿಡಿದು ಶ್ರೀರಂಗಪಟ್ಟಣಕ್ಕೆ ನಡೆಸಿದರು. ಹಣೆಗೆ ಬೂದಿ ಹಚ್ಚಿಸಿಕೊಂಡು 'ಮಣ್ಣಿನಿಂದ ಬಂದವರು ಮಣ್ಣಿಗೇ' ಎಂದು ನೆನೆಯುವ ದಿನವದು. ಎಷ್ಟು ಜನ? ಮನ್ರೋ 60,000 ಎಂದ, ಬುಕನನ್ 70,000 ಎಂದ. ಇಗರ್ಜಿಗಳು ಕೆಡವಲ್ಪಟ್ಟವು, 27 ಎಂದು ಬರೆದಿದ್ದಾರೆ. ಘಟ್ಟ ಹತ್ತುವಾಗ, ಆಮೇಲೆ ಸೆರೆಯಲ್ಲಿ, ಬಹಳ ಜನ ಸತ್ತರು. ಬಹಳ ಜನರ ಧರ್ಮ ಬದಲಾಯಿತು. ಬಿಡುಗಡೆಯಾದದ್ದು 1799ರ ಮೇ 4ಕ್ಕೆ, ಶ್ರೀರಂಗಪಟ್ಟಣ ಬಿದ್ದ ದಿನ. ಇದೇ ಟಿಪ್ಪು 1791ರಲ್ಲಿ ಮರಾಠರ ಸೈನ್ಯ ಲೂಟಿ ಮಾಡಿದ ಶೃಂಗೇರಿ ಮಠಕ್ಕೆ ಹಣ ಕಳಿಸಿ, ಶಾರದೆಯನ್ನು ಮರಳಿ ನಿಲ್ಲಿಸಲು ನೆರವಾದ. ಎರಡೂ ನಿಜ. ಒಂದನ್ನು ಹೇಳಲು ಇನ್ನೊಂದನ್ನು ಅಳಿಸುವವರ ಜೊತೆ ನನಗೆ ಮಾತಿಲ್ಲ.

ನಮ್ಮ ಮನೆಯಲ್ಲಿ ಈ ಕಥೆ ಅಜ್ಜಿಯ ಬಾಯಿಂದ ಬರುತ್ತಿತ್ತು. ಯಾರನ್ನು ಹಿಡಿದರು, ಯಾರು ಕಾಡಿನಲ್ಲಿ ಅಡಗಿದರು ಎನ್ನುವುದಕ್ಕೆ ಅವಳ ಬಳಿ ಹೆಸರುಗಳಿರಲಿಲ್ಲ. "ಹದಿನೈದು ವರ್ಷ ಅಕ್ಕಾ. ಹೋದ ಕೂಸು ಬರುವಾಗ ತಾಯಿಯಾಗಿ ಬಂತು" ಎನ್ನುತ್ತಿದ್ದಳು ಪಕ್ಕದವಳಿಗೆ. ಮರಳಿದವರಿಗೆ ಭೂಮಿ ಹಿಂದಿರುಗಿಸುವ ಕೆಲಸ ಕೆನರಾದ ಮೊದಲ ಕಲೆಕ್ಟರ್ ಮನ್ರೋನ ಕಾಲದಲ್ಲಿ ಶುರುವಾಯಿತು. ನಾನು ಯೋಚಿಸುವುದು ಬೇರೆ. ಹಿಡಿದವರು ಯಾರನ್ನೂ ನೀನು ಬಾಮಣನೋ ಚಾರೊಡಿಯೋ ಸುದಿರನೋ ಎಂದು ಕೇಳಲಿಲ್ಲ. ಕ್ರೈಸ್ತ ಎಂದರೆ ಸಾಕಿತ್ತು. ನಾವೆಲ್ಲ ಒಂದು ಎಂದು ಲೋಕ ಒಪ್ಪಿದ್ದು ಆ ಒಂದು ಸಲ, ಸಂಕೋಲೆ ಹಾಕುವಾಗ.

ಈ ಬಾಮಣ, ಚಾರೊಡಿ, ಸುದಿರ ಎಂಬ ಹೆಸರುಗಳನ್ನು ಕೇಳಿ ಕೆಲವು ಓದುಗರು ಹುಬ್ಬೇರಿಸಬಹುದು. ಹೌದು, ನಮ್ಮಲ್ಲೂ ಜಾತಿ ಇದೆ. ಗೋವಾದಲ್ಲಿ ಊರಿಗೆ ಊರೇ ಕ್ರೈಸ್ತವಾದಾಗ ಹೊಸ ಹೆಸರಿನ ಒಳಗೆ ಹಳೆಯ ಮನೆ ಹಾಗೇ ಉಳಿಯಿತು. ಬ್ರಾಹ್ಮಣರಾಗಿದ್ದವರು ಬಾಮಣರು, ಕ್ಷತ್ರಿಯರೆನಿಸಿಕೊಂಡವರು ಚಾರೊಡಿಗಳು, ಉಳಿದವರು ಸುದಿರರು. ಕರಾವಳಿಯುದ್ದಕ್ಕೂ ಮೀನುಗಾರಿಕೆಯ ಕ್ರೈಸ್ತ ಖಾರ್ವಿಗಳು ಬೇರೆ. ಒಂದೇ ಇಗರ್ಜಿ, ಒಂದೇ ರೊಟ್ಟಿ, ಒಂದೇ ಪ್ರಾರ್ಥನೆ. ಮದುವೆ ಬಂದಾಗ ಮಾತ್ರ ಹಿರಿಯರು ಪಿಸುಗುಟ್ಟುತ್ತಾರೆ: "ಅವರ ಮೂಲ ಏನು?"

ನಮ್ಮ ಅತ್ತೆಯ, ಅಂದರೆ ಅಪ್ಪನ ತಂಗಿಯ, ಕಥೆ ಈ ಒಂದು ಶಬ್ದಕ್ಕೆ ಸಿಕ್ಕಿಕೊಂಡದ್ದು. ಹೊನ್ನಾವರ ಕಡೆಯ ಒಬ್ಬ ಖಾರ್ವಿ ಹುಡುಗ ಆಕೆಯ ಜೊತೆ ಶಿಕ್ಷಕರ ತರಬೇತಿಯಲ್ಲಿ ಇದ್ದವನು. ಮನೆಗೆ ಬಂದು ಕೇಳಿದ. ಅವನನ್ನು ಚಾವಡಿಯಲ್ಲಿ ಕೂಡ್ರಿಸಿ ಚಹಾ ಕೊಟ್ಟರು. ಹೋದ ಮೇಲೆ ಅಜ್ಜ ಮಾತಾಡಲಿಲ್ಲ, ನನ್ನ ಅಪ್ಪ ಮಾತಾಡಿದರು. "ಹುಡುಗ ಒಳ್ಳೆಯವನೇ. ಮೂಲ ನೋಡಬೇಕಲ್ಲ." ಅಷ್ಟೇ. ನಾನು ಆಗ ಇನ್ನೂ ಹುಟ್ಟಿರಲಿಲ್ಲ. ಇದನ್ನೆಲ್ಲ ಅಮ್ಮ ಹೇಳಿದ್ದು, ಅದೂ ಅಪ್ಪ ತೀರಿದ ಮೇಲೆ. ಅತ್ತೆ ಮದುವೆಯಾಗಲಿಲ್ಲ. ಕನ್ನಡ ಶಾಲೆಯಲ್ಲಿ ಕಲಿಸಿದಳು, ಭಾನುವಾರ ಮಕ್ಕಳಿಗೆ ದೊತೊರ್ನ್ ಕಲಿಸಿದಳು. ದೊತೊರ್ನ್ ಎಂದರೆ ಧರ್ಮಪಾಠ. ಅದರಲ್ಲಿ ಮೊದಲನೆಯ ಮಾತೇ ದೇವರು ನಮ್ಮನ್ನು ಪ್ರೀತಿಯಿಂದ ಸೃಷ್ಟಿಸಿದ ಎಂಬುದು. ಒಮ್ಮೆ ಧೈರ್ಯ ಮಾಡಿ ಕೇಳಿದೆ, "ಅತ್ತೆ, ಅದನ್ನು ಕಲಿಸುವಾಗ ನಿನಗೆ ಏನೂ ಅನ್ನಿಸುವುದಿಲ್ಲವಾ?" ಅವಳು ಅಕ್ಕಿ ಆರಿಸುತ್ತಿದ್ದಳು, ಕೈ ನಿಲ್ಲಿಸಲಿಲ್ಲ. "ಮಕ್ಕಳಿಗೆ ಕಲಿಸುವುದು ಸುಲಭ ಮಗಾ, ಅಣ್ಣಂದಿರಿಗೆ ಕಷ್ಟ" ಎಂದಳು.

ನಮ್ಮದೇ ಜಿಲ್ಲೆಯ ಹಳಿಯಾಳ, ಯಲ್ಲಾಪುರ, ಮುಂಡಗೋಡಗಳ ಕಾಡಂಚಿನಲ್ಲಿ ಸಿದ್ದಿಗಳಿದ್ದಾರೆ. ಪೋರ್ಚುಗೀಸರು ಆಫ್ರಿಕಾದಿಂದ ಗುಲಾಮರಾಗಿ ಗೋವಾಕ್ಕೆ ತಂದವರಲ್ಲಿ ತಪ್ಪಿಸಿಕೊಂಡು ಘಟ್ಟದ ಕಾಡು ಹೊಕ್ಕವರ ಸಂತತಿ ಅವರಲ್ಲಿ ಬಹಳ. ಅವರಲ್ಲಿ ಹಿಂದೂಗಳಿದ್ದಾರೆ, ಮುಸ್ಲಿಮರಿದ್ದಾರೆ, ಕ್ರೈಸ್ತರಿದ್ದಾರೆ. ಆದರೂ ಕೇಳಿದರೆ ಮೊದಲು ಸಿದ್ದಿ ಎನ್ನುತ್ತಾರೆ. 2003ರಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರಿದಾಗಲೂ ಆ ಒಂದೇ ಹೆಸರಿನಲ್ಲಿ ಸೇರಿದರು. ಯಲ್ಲಾಪುರದಲ್ಲಿ ನಾನು ಎರಡು ವರ್ಷ ಕೆಲಸ ಮಾಡಿದಾಗ ತರಗತಿಯಲ್ಲಿ ಒಂದೇ ಬೆಂಚಿನ ಮೂವರು ಹುಡುಗಿಯರು ಮೂರು ಧರ್ಮದವರು, ಮೂವರೂ ತಮ್ಮನ್ನು ಅಕ್ಕತಂಗಿಯರೆಂದೇ ಹೇಳಿಕೊಳ್ಳುತ್ತಿದ್ದರು. ಅವರಲ್ಲಿ ಧರ್ಮ ಮೂರು, ಜನ ಒಂದು. ನಮ್ಮಲ್ಲಿ ಧರ್ಮ ಒಂದು, ಜನ ಮೂರು. ಅವರನ್ನು ಗುಲಾಮರನ್ನಾಗಿ ಕೊಂಡವರು ಶಿಲುಬೆಯ ಮುಂದೆ ಮಂಡಿಯೂರುತ್ತಿದ್ದವರು ಎನ್ನುವುದನ್ನು ನೆನೆದರೆ ನನ್ನ ಟೀಚರಗಿತ್ತಿಯ ಗತ್ತು ಎಲ್ಲಾ ಇಳಿಯುತ್ತಿತ್ತು.

ಕತಗಾಲದಲ್ಲಿ ನಾನು ಚಿಕ್ಕವಳಿದ್ದಾಗ ನಮ್ಮ ಸುತ್ತ ಬೇರೆ ಕ್ರೈಸ್ತರ ಮನೆಗಳಿರಲಿಲ್ಲ. ಮೇಲಿನ ತೋಟದ ಮನೆ ಹವ್ಯಕರದು, ಕೆಳಗೆ ಗದ್ದೆಯ ಬದಿಗೆ ಹಾಲಕ್ಕಿ ಗೌಡರ ಮನೆಗಳು. ನಾವು ಇಬ್ಬರ ನಡುವೆ. ನಾತಾಲಕ್ಕೆ ಮನೆಯಲ್ಲಿ ನೆವ್ರಿ, ಕಿಡಿಯೊ, ಎಲ್ಲ ಕರಿಯುತ್ತಿದ್ದರು. ಗೌಡ್ತಿಯ ಮನೆಗೆ ತಟ್ಟೆ ತುಂಬ ಹೋಗುತ್ತಿತ್ತು. ಮೇಲಿನ ಮನೆಗೆ ಮಾತ್ರ ಸುಲಿಯದ ತೆಂಗಿನಕಾಯಿ, ಒಂದು ಚಿಪ್ಪು ಬಾಳೆಹಣ್ಣು. ಅವರು ಬೇಯಿಸಿದ್ದನ್ನು ತಿನ್ನುವುದಿಲ್ಲವೆಂದು ಅಜ್ಜಿಗೆ ಗೊತ್ತಿತ್ತು. ದೀಪಾವಳಿಗೆ ಅವರ ಮನೆಯಿಂದ ತೊಡದೇವು ಬರುತ್ತಿತ್ತು, ಅದನ್ನು ನಾವು ತಿನ್ನುತ್ತಿದ್ದೆವು. ಅಜ್ಜಿ ಇದನ್ನು ಅವಮಾನವೆಂದು ಎಣಿಸಲಿಲ್ಲ. ನಾನು ಎಣಿಸುತ್ತೇನೆ. ಆದರೆ ಹೊಳೆ ಉಕ್ಕಿ ನಮ್ಮ ಚಾವಡಿಗೆ ನೀರು ನುಗ್ಗಿದ ಒಂದು ಆಷಾಢದಲ್ಲಿ, ಎರಡು ರಾತ್ರಿ ನಾವೆಲ್ಲ ಮಲಗಿದ್ದು ಆ ಮೇಲಿನ ಮನೆಯ ಜಗಲಿಯ ಮೇಲೆ. ಅಲ್ಲಿಯ ಅಮ್ಮ ರಾತ್ರಿ ಎದ್ದು ನನಗೂ ತಮ್ಮನಿಗೂ ತನ್ನದೇ ಕಂಬಳಿ ಹೊದೆಸಿದ್ದು ನನಗೆ ಗೊತ್ತು, ನಿದ್ದೆ ಬಂದಿರಲಿಲ್ಲ. ಮರುದಿನ ಬೆಳಿಗ್ಗೆ ಗಂಜಿ ಬಡಿಸಿದ್ದು ಮಾತ್ರ ಬಾಳೆಯೆಲೆಯಲ್ಲಿ, ಜಗಲಿಯಲ್ಲೇ. ಇವೆರಡನ್ನೂ ಒಟ್ಟಿಗೆ ಹೇಗೆ ಇಟ್ಟುಕೊಳ್ಳಬೇಕೆಂದು ಇಂದಿಗೂ ನನಗೆ ಬಗೆಹರಿದಿಲ್ಲ.

ಇಗರ್ಜಿಗೆ ನಾವು ಕುಮಟೆಗೆ ಹೋಗಬೇಕು, ದೊಡ್ಡ ಹಬ್ಬಕ್ಕೆ ಚಂದಾವರಕ್ಕೆ. ಅಜ್ಜಿಯ ಕಾಲದಲ್ಲಿ ಪೂಜೆ ಲ್ಯಾಟಿನಿನಲ್ಲಿ. ಅವಳಿಗೆ ಲದೀನಿನ ಉದ್ದುದ್ದ ಸಾಲುಗಳು ಬಾಯಿಪಾಠ, ಅರ್ಥ ಒಂದಕ್ಕೂ ಗೊತ್ತಿಲ್ಲ. ಎರಡನೆಯ ವ್ಯಾಟಿಕನ್ ಮಹಾಸಭೆ 1965ಕ್ಕೆ ಮುಗಿದ ಮೇಲೆ ಜನರ ಭಾಷೆಯಲ್ಲಿ ಪೂಜೆಯೆಂದಾಯಿತು. ಜನರ ಭಾಷೆ ಯಾವುದು ಎಂಬ ಪ್ರಶ್ನೆ ಎದ್ದದ್ದೇ ಆಗ. ನಮ್ಮಲ್ಲಿ ಪ್ರಾರ್ಥನೆ ಕೊಂಕಣಿಯಲ್ಲಿ, ಮಗ್ಗಿ ಕನ್ನಡದಲ್ಲಿ, ಜಗಳ ಎರಡರಲ್ಲೂ. ಬಹಳ ಕಾಲ ಗೋವಾದ ಕೈಕೆಳಗಿದ್ದ ನಮ್ಮ ಕಡೆಯ ಇಗರ್ಜಿಗಳು 1953ರಲ್ಲಿ ಬೆಳಗಾವಿ ಧರ್ಮಪ್ರಾಂತಕ್ಕೆ ಸೇರಿದವು, 1976ರಲ್ಲಿ ಕಾರವಾರವೇ ಧರ್ಮಪ್ರಾಂತವಾಯಿತು. ಅಜ್ಜಿ ಆ ಸುದ್ದಿ ಕೇಳಿ, "ಅಂತೂ ನಮ್ಮ ಜಿಲ್ಲೆಗೆ ಬಂದೆವಲ್ಲ" ಎಂದಳಂತೆ.

ಡಿಸೆಂಬರ್ 3ರ ಚಂದಾವರದ ಪೇಸ್ತು ನೋಡಿದವರು ಮರೆಯುವುದಿಲ್ಲ. ಸಂತ ಫ್ರಾನ್ಸಿಸ್ ಜೇವಿಯರ್ 1552ರಲ್ಲಿ ಚೀನದ ತೀರದ ಒಂದು ದ್ವೀಪದಲ್ಲಿ ತೀರಿಕೊಂಡ ದಿನವದು. ಅವನ ದೇಹ ಇರುವುದು ಹಳೇ ಗೋವಾದಲ್ಲಿ. ಚಂದಾವರದಲ್ಲಿ ಅವನು ಸೀಮೆಯ ದೇವರ ಹಾಗೆ. ಅದೇ ಊರಿನಲ್ಲಿ ಸೀಮೆಯ ಹನುಮಂತನೂ ಇದ್ದಾನೆ. ಆ ದಿನ ಇಗರ್ಜಿಯ ಮುಂದೆ ಮೇಣದ ಬತ್ತಿ ಹಿಡಿದು ನಿಂತವರಲ್ಲಿ ಕ್ರೈಸ್ತರಿಗಿಂತ ಬೇರೆಯವರೇ ಹೆಚ್ಚೇನೋ ಎನ್ನಿಸುವಷ್ಟು ಹಿಂದೂಗಳು, ಮುಸ್ಲಿಮರು. ನಮ್ಮ ಗೌಡ್ತಿ ಪ್ರತಿ ವರ್ಷ ಬರುತ್ತಿದ್ದಳು. ಕತ್ತು ತುಂಬ ಕರಿಮಣಿಯ ಸರಗಳು, ಕೈಯಲ್ಲಿ ಬತ್ತಿ. ಹರಕೆ ಏನೆಂದು ಅತ್ತೆ ಕೇಳಿದರೆ, "ಎಮ್ಮೆದೂ ಒಂದು, ಸೊಸೆದೂ ಒಂದು" ಎನ್ನುವಳು. ಇದನ್ನು ಭಾವೈಕ್ಯ ಎಂದು ಪತ್ರಿಕೆಯವರು ಬರೆಯುತ್ತಾರೆ. ಗೌಡ್ತಿಗೆ ಆ ಶಬ್ದ ಗೊತ್ತಿರಲಿಲ್ಲ. ಎಮ್ಮೆ ಕರು ಹಾಕಬೇಕಿತ್ತು.

ಸೆಪ್ಟೆಂಬರ್ 8ಕ್ಕೆ ಮರಿಯಮ್ಮನ ಜನ್ಮದ ಹಬ್ಬ, ಮೊಂತಿ ಪೇಸ್ತು. ಅಂದು ಹೊಸ ಭತ್ತದ ಕದಿರನ್ನು ಇಗರ್ಜಿಯಲ್ಲಿ ಮಂತ್ರಿಸಿ ಮನೆಗೆ ತರುತ್ತೇವೆ. ಕಾಳು ಸುಲಿದು, ಪುಡಿಮಾಡಿ, ಹಾಲಿಗೋ ಪಾಯಸಕ್ಕೋ ಹಾಕಿ ಮನೆಯವರೆಲ್ಲ ಉಣ್ಣಬೇಕು. ದೂರ ಇದ್ದವರಿಗೆ ಎರಡು ಕಾಳು ಲಕೋಟೆಯಲ್ಲಿಟ್ಟು ಕಳಿಸಬೇಕು. ಹೊಸ ಅಕ್ಕಿ ಯಾರಿಗೆ ಸಿಗಲಿಲ್ಲವೋ ಅವರು ಆ ವರ್ಷ ಮನೆಯ ಲೆಕ್ಕದಲ್ಲಿ ಇಲ್ಲದ ಹಾಗೆ. ನಮ್ಮ ಕಡೆಯ ಹಿಂದೂಗಳ ಹೊಸ್ತಿನ ಹಬ್ಬವೂ ಇದೇ. ಅವರೂ ಕದಿರು ಕಟ್ಟುತ್ತಾರೆ, ಅವರೂ ಹೊಸ ಅಕ್ಕಿ ಉಣ್ಣುತ್ತಾರೆ. ಯಾರಿಂದ ಯಾರಿಗೆ ಬಂತು ಎನ್ನುವ ಪ್ರಶ್ನೆಯನ್ನು ಗದ್ದೆಗೇ ಬಿಡೋಣ. ನಮಗೆ ಗದ್ದೆ ಇರಲಿಲ್ಲ. ಇಗರ್ಜಿಯಲ್ಲಿ ಮಂತ್ರಿಸುವ ನಮ್ಮ ಕದಿರು ಗೌಡ್ತಿಯ ಗದ್ದೆಯದು. ಅವರ ಹೊಸ್ತು ಇನ್ನೂ ಮುಂದಿರುತ್ತಿತ್ತು. ಆದರೂ ಗದ್ದೆಗೆ ಇಳಿದು, ಸೂರ್ಯನಿಗೆ ಕೈ ಮುಗಿದು, ಮುಂಚೆ ಹೊಡೆ ಒಡೆದ ಏಳು ಕದಿರು ಕೊಯ್ದು ಅತ್ತೆಯ ಕೈಗೆ ಕೊಡುವಳು. "ನಿಮ್ಮ ದೇವ್ರು ಮೊದ್ಲು ಉಣ್ಲಿ ಬಾಯೀ, ನಮ್ಮ ದೇವ್ರಿಗೆ ಅವಸ್ರ ಇಲ್ಲ."

ಧಾರವಾಡಕ್ಕೆ ಬಂದ ಮೇಲೆ ಪ್ರತಿ ಸೆಪ್ಟೆಂಬರಿಗೆ ಅತ್ತೆಯ ಲಕೋಟೆ ಬರುತ್ತಿತ್ತು. ಒಂದು ಚೀಟಿ, ಮಡಚಿದ ಕಾಗದದೊಳಗೆ ನಾಲ್ಕು ಕಾಳು. ನನ್ನ ಮಗಳಿಗೆ ಒಂದು ಸಂಬಂಧ ತಾನೇ ಕೂಡಿಬಂದಾಗ, ಅವಳೇ ಆರಿಸಿಕೊಂಡದ್ದು ಅನ್ನಿ, ಅತ್ತೆಗೆ ಫೋನು ಮಾಡಿದೆ. ಹುಡುಗನ ಓದು, ನೌಕರಿ ಎಲ್ಲ ಹೇಳಿದೆ. ಕೊನೆಗೆ ನನ್ನ ಬಾಯಿಂದ ಬಂತು: "ಕರಾವಳಿಯವರೇ. ಮೂಲ ಏನು ಅಂತ ಸ್ವಲ್ಪ ವಿಚಾರಿಸುತ್ತೀಯಾ ಅತ್ತೆ?"

ಆ ಕಡೆಯಿಂದ ಮಾತಿಲ್ಲ. ಲೈನು ಹೋಯಿತೇನೋ ಎಂದುಕೊಂಡೆ. ಹಿತ್ತಲಿನ ಕೋಳಿಯ ಸದ್ದು ಕೇಳುತ್ತಿತ್ತು. ಸ್ವಲ್ಪ ಹೊತ್ತಿನ ಮೇಲೆ "ಮಳೆ ಬಂತು, ಬಟ್ಟೆ ತೆಗೆಯಬೇಕು" ಎಂದು ಫೋನಿಟ್ಟಳು. ಅದು ಏಪ್ರಿಲ್ ತಿಂಗಳು.

ಅಪ್ಪನನ್ನು ನಾನು ವರ್ಷಗಟ್ಟಲೆ ಮನಸ್ಸಿನಲ್ಲಿ ಬೈದಿದ್ದೆ. ಎದುರುಮನೆಯವರು 'ಮೂಲ' ಎಂದರೆ ಮುಖ ಸಣ್ಣದು ಮಾಡುತ್ತಿದ್ದೆ. ಅದೇ ಶಬ್ದ ನನ್ನ ನಾಲಿಗೆಯ ಕೆಳಗೆ ಅಷ್ಟು ಬೆಚ್ಚಗೆ ಕೂತಿತ್ತೆಂದು ಗೊತ್ತಿರಲಿಲ್ಲ. ಆ ವರ್ಷವೂ ಲಕೋಟೆ ಬಂತು. ಚೀಟಿ ಇರಲಿಲ್ಲ. ಕಾಳು ನಾಲ್ಕರ ಬದಲು ಐದು ಇದ್ದವು, ಅಳಿಯನಾಗಲಿರುವವನ ಪಾಲೂ ಸೇರಿಸಿ. ಮಗಳು ಆ ಹುಡುಗನನ್ನೇ ಮದುವೆಯಾದಳು. ರೋಸಿನ ದಿನ ತೆಂಗಿನ ಹಾಲು ಮೊದಲು ಹಚ್ಚಿದವಳು ಅತ್ತೆ. ವಿಧವೆಯರು, ಮದುವೆಯಾಗದವರು ಮುಂದೆ ಬರಬಾರದೆಂದು ಯಾರೋ ಗೊಣಗಿದರು, ನಾನು ಕೇಳಿಸಿಕೊಳ್ಳಲಿಲ್ಲ. ಹುಡುಗನ ಮೂಲ ಯಾವುದೆಂದು ಈಗ ನನಗೆ ಗೊತ್ತಿದೆ. ಇಲ್ಲಿ ಬರೆಯುವುದಿಲ್ಲ.

ಅತ್ತೆ ಹೋಗಿ ಮೂರು ವರ್ಷವಾಯಿತು. ಹೋದದ್ದು ಜುಲೈನಲ್ಲಿ, ಹೊಳೆ ರಸ್ತೆಯ ಮೇಲಿದ್ದಾಗ. ಪಾದ್ರಿಗಳ ಗಾಡಿ ಆಚೆ ನಿಂತಿತ್ತು. ನೀರು ಇಳಿಯುವ ತನಕ ಪೆಟ್ಟಿಗೆಯನ್ನು ಕಾದು ಕೂತವರು ಕೆಳಗಿನ ಗೌಡರ ಹುಡುಗರು, ಮೇಲಿನ ಮನೆಯ ಸೊಸೆ. ಆ ಸೊಸೆ ರಾತ್ರಿ ನಮಗೆಲ್ಲ ಚಹಾ ಮಾಡಿದ್ದು ನಮ್ಮ ಅಡಿಗೆಮನೆಯಲ್ಲಿ, ತಾನೂ ಕುಡಿದಳು. ಮಣ್ಣು ಹಾಕುವಾಗ ಮುದುಕಿ ಗೌಡ್ತಿಯೂ ಒಂದು ಹಿಡಿ ಹಾಕಿ, "ಬಾಯೀ, ಕದ್ರು ಇನ್ಯಾರಿಗೆ ಕೊಡ್ಲಿ?" ಎಂದು ಜೋರಾಗಿ ಕೇಳಿದಳು. ಉತ್ತರ ಬರುತ್ತದೆ ಎನ್ನುವ ಹಾಗೆ ನಾವೆಲ್ಲ ಒಂದು ಗಳಿಗೆ ಸುಮ್ಮನಾದೆವು.

ಅದಾದಮೇಲೆ ಸೆಪ್ಟೆಂಬರ್ ಬಂತೆಂದರೆ ಗೌಡ್ತಿಯ ಮೊಮ್ಮಗ ಕುಮಟೆಯಿಂದ ಬರುವ ಬಸ್ಸಿನ ಕಂಡಕ್ಟರರ ಕೈಗೆ ಒಂದು ಕಾಗದದ ಸುರುಳಿ ಕೊಡುತ್ತಾನೆ. ಏಳು ಕದಿರು, ಬಾಳೆಯ ನಾರಿನಲ್ಲಿ ಕಟ್ಟಿದ್ದು. ನಾನು ಬಸ್ ಸ್ಟ್ಯಾಂಡಿಗೆ ಹೋಗಿ ತರುತ್ತೇನೆ, ಇಲ್ಲಿಯ ಇಗರ್ಜಿಯಲ್ಲಿ ಮಂತ್ರಿಸಿಕೊಂಡು ಬರುತ್ತೇನೆ. ಈ ಸಲವೂ ಬಂತು. ಪಾಯಸ ಮಾಡಿ, ಎದುರುಮನೆಯ ಅಕ್ಕನ ಸ್ಟೀಲಿನ ಡಬ್ಬಿಯನ್ನು ತೊಳೆದು ಒರೆಸಿ ತುಂಬಿದೆ. ಮುಚ್ಚಳ ತೆಗೆದು ನೋಡಿದ ಅವರು ಬೆರಳಿನಿಂದ ಒಂದಿಷ್ಟು ಬಾಯಿಗೆ ಹಾಕಿಕೊಂಡರು.

"ಭಾರಿ ಆಗೇದ್ರೀ ಟೀಚರ್. ಇದು ಯಾವ ಅಕ್ಕಿ? ನಮ್ಮ ಪ್ಯಾಟ್ಯಾಗ ಸಿಗೋದಲ್ಲ."

"ಕತಗಾಲದ್ದು" ಎಂದೆ.

ಅವರು ಮತ್ತೇನೂ ಕೇಳಲಿಲ್ಲ. ಬೆಲ್ಲ ಎಷ್ಟು ಹಾಕಿದ್ದೆಂದು ಕೇಳಿ, ಡಬ್ಬಿ ಹಿಡಿದುಕೊಂಡು ಒಳಗೆ ಹೋದರು.